ಬಾಲ್ಕನಿಯಲ್ಲಿ ಉಳಿದ ಸ್ಯಾಂಪಲ್

ಸನತ್‌ನಗರದಲ್ಲಿ ಕಂಪನಿಯ ಬಸ್ಸು ಹತ್ತಿದರೆ ಮಂದಾಕಿನಿ ಬಾಗಿಲ ಪಕ್ಕದ ಸೀಟನ್ನೇ ಹಿಡಿಯುತ್ತಾರೆ. ನಡುದಾರಿಯಲ್ಲಿ ಹೊಟ್ಟೆ ತಿರುಚಿದರೆ ಇಳಿಯಲು ಸುಲಭ. ಶೌಚಾಲಯಕ್ಕೆಂದು ಓಡಿ ಬರುವ ಅವರ ಮುಖ ಬಾಲಾನಗರದ ಪೆಟ್ರೋಲ್ ಬಂಕಿನವರಿಗೆ ಪರಿಚಯವಾಗಿದೆ. ಆ ಮಂಗಳವಾರ ಬಸ್ಸು ಸಿಗ್ನಲ್‌ನಲ್ಲಿ ನಿಂತಿದ್ದಾಗ ಆಸ್ಪತ್ರೆಯಿಂದ ಮೊಬೈಲಿಗೆ ಸಂದೇಶ ಬಂತು: ಅಪಾಯ ಕಡಿಮೆ, ಕೊಲೊನೋಸ್ಕೋಪಿಗೆ ಆತುರವಿಲ್ಲ, ಮೂರು ತಿಂಗಳ ನಂತರ ಬನ್ನಿ.

ಮಂದಾಕಿನಿಗೆ ಮೂವತ್ತೇಳು. ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಪರೀಕ್ಷೆಗೆ ಬರುವ ಸ್ಯಾಂಪಲ್‌ಗಳನ್ನು ತೆಗೆದುಕೊಳ್ಳುವ ಕೆಲಸ. ತಂಪಾಗಿರಬೇಕಾದದ್ದು ದಾರಿಯಲ್ಲಿ ಬಿಸಿಯಾಗಿದ್ದರೆ ವಾಪಸ್ ಕಳಿಸುವುದೂ ಅವರೇ.

ಮಲದಲ್ಲಿ ರಕ್ತ ಕಾಣಿಸಿಕೊಂಡು ವರ್ಷವಾಗುತ್ತ ಬಂದಿತ್ತು. ಮೊದಲು ನೋಡಿದ ಡಾಕ್ಟರು ಮೂಲವ್ಯಾಧಿ ಎಂದು ಮುಲಾಮು ಬರೆದುಕೊಟ್ಟರು. ಈ ವಯಸ್ಸಿಗೆ ಬೇರೇನಿರುತ್ತದೆ ಎಂದರು. ಸುಸ್ತಿಗೆ ಕಬ್ಬಿಣದ ಮಾತ್ರೆ ಬಂತು, ಸುಸ್ತು ಹೋಗಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ಕೂರುವುದು ರೂಢಿಯಾಯಿತು. ಕೊನೆಗೆ ಹಿಮಾಯತ್‌ನಗರದ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋದರು. ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿಗೆ ಅಲ್ಲಿ ಸಾಲು ಉದ್ದ. ಐವತ್ತರೊಳಗಿನವರಲ್ಲಿ ಯಾರಿಗೆ ಕರುಳಿನ ಕ್ಯಾನ್ಸರ್ ಇರುವ ಸಂಭವ ಹೆಚ್ಚು, ಯಾರನ್ನು ಮೊದಲು ಕರೆಯಬೇಕು ಎಂಬುದನ್ನು ಕೃತಕ ಬುದ್ಧಿಮತ್ತೆಯ ಒಂದು ಪ್ರೋಗ್ರಾಂ ಡಾಕ್ಟರಿಗೆ ಸೂಚಿಸುತ್ತದೆ. ವಯಸ್ಸು, ತೂಕ, ರಕ್ತದ ವರದಿ, ಮಲಪರೀಕ್ಷೆ ಎಲ್ಲವನ್ನೂ ಕೂಡಿಸಿ ನೋಡುತ್ತದೆ. ಮಲಪರೀಕ್ಷೆಯ ಪುಟ್ಟ ಬಾಟಲಿ ಕೊಡುವಾಗ ನರ್ಸ್ ಶ್ರೀವಿದ್ಯಾ, ತಂದುಕೊಡುವ ತನಕ ಫ್ರಿಜ್ಜಿನಲ್ಲಿಡಿ ಎಂದಿದ್ದರು.

ಮನೆಯ ಫ್ರಿಜ್ಜು ಅತ್ತೆ ಗಂಗೂಬಾಯಿಯ ಮಡಿಯೊಳಗೆ ಬರುತ್ತದೆ. ದೇವರ ನೈವೇದ್ಯದ ಹಾಲು ಇರುವುದು ಅದರಲ್ಲೇ. ಉಂಡು ಮಿಕ್ಕ ಅನ್ನಕ್ಕೂ ಅಲ್ಲಿ ಜಾಗವಿಲ್ಲ. ಮಂದಾಕಿನಿ ಕೇಳಲೇ ಇಲ್ಲ. ಬಾಟಲಿಯನ್ನು ಕವರಿನಲ್ಲಿ ಸುತ್ತಿ ಬಾಲ್ಕನಿಯ ವಾಷಿಂಗ್ ಮಷೀನಿನ ಹಿಂದೆ ಇಟ್ಟರು. ಮೇ ತಿಂಗಳು. ಶನಿವಾರ, ಭಾನುವಾರ ಎರಡೂ ದಿನ ಅಲ್ಲೇ ಇತ್ತು. ಬಿಸಿಗೆ ರಕ್ತದ ಅಂಶ ಕೆಟ್ಟರೆ ಪರೀಕ್ಷೆಗೆ ಅದು ಸಿಗುವುದಿಲ್ಲ. ರಕ್ತವಿಲ್ಲ ಎಂದೇ ವರದಿ ಬಂತು. ಪ್ರೋಗ್ರಾಂ ಅದನ್ನು ನಂಬಿತು.

ಸಂಜೆ ಗಂಡ ಗುರುರಾಜ ಸಂದೇಶ ಓದಿ ಕನ್ನಡಕ ತೆಗೆದರು. "ಬದುಕಿದ್ವಿ ನೋಡು ಮಂದಾ. ಕಂಪ್ಯೂಟರ್ ಹೇಳೇದ ಅಂದ್ರ ಮುಗೀತು."

"ಅದಕ್ಕ ನಾನ ಸುಳ್ಳು ಹೇಳಿಧಂಗ ಆಗೇದ್ರಿ," ಎಂದ ಮಂದಾಕಿನಿ, ಬಾಟಲಿ ಎಲ್ಲಿತ್ತೆಂದು ತಿಳಿಸಿದರು. "ನಮ್ಮ ಫ್ಯಾಕ್ಟರಿಗೆ ಹಂಗ ಬಂದಿದ್ರ ವಾಪಸ್ ಕಳಸ್ತಿದ್ದೆ."

ಹೂಬತ್ತಿ ಹೊಸೆಯುತ್ತಿದ್ದ ಗಂಗೂಬಾಯಿ ತಲೆ ಎತ್ತಿದರು. "ನನ್ನ ಕೇಳಿದ್ಯೇನು ನೀನು?"

"ಕೇಳಿದ್ರ ಇಡು ಅಂತಿದ್ರೇನ್ರಿ ಅತ್ಯಾ?"

"ಬ್ಯಾಡ ಅಂತಿದ್ದೆ, ಖರೇನ. ಮ್ಯಾಲಿನ ಮನಿ ಪ್ರಫುಲ್ಲಾನ ಫ್ರಿಜ್ಜಿನ್ಯಾಗ ಇಡಸ್ತಿದ್ದೆ. ಅಕಿ ಅದರಾಗ ಏನ ಬೇಕಾದ್ದು ಇಟ್ಟಿರ್ತಾಳ."

"ಅವ್ವಾ, ಅಕೀಗೆ ಗೊತ್ತಾದ್ರ?" ಎಂದರು ಗುರುರಾಜ.

"ಹೇಳ್ಲಿಕ್ಕೆ ಯಾರು ಹೋಗ್ತಿದ್ರು?"

ಮಂದಾಕಿನಿಗೆ ನಗು ಬಂತು. ನಗುವುದಕ್ಕೂ ದಣಿವು, ಗೋಡೆಗೆ ಒರಗಿದರು.

"ಈಗ ಹೋಗಿ ಹೇಳ್ಲಿಕ್ಕೇ ಬೇಕೇನು?" ಗುರುರಾಜರ ದನಿ ತಗ್ಗಿತ್ತು. "ಕಡಿಮಿ ಅಂದದ್ದು ಖರೇನೂ ಇರಬಹುದಲ್ಲ."

"ಇರಬಹುದು," ಎಂದರು ಮಂದಾಕಿನಿ. "ನನಗ ಭಾಳ ಸುಸ್ತಾಗೇದ್ರಿ. ಇನ್ನ ಮೂರು ತಿಂಗಳು ಇರಬಹುದು, ಇರಬಹುದು ಅನಕೋತ ಕೂಡೂದು ಆಗೂದುಲ್ಲ."

ಮರುದಿನ ಅರ್ಧ ದಿನ ರಜೆ ಹಾಕಿ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಶ್ರೀವಿದ್ಯಾ ಮೈಸೂರಿನವರು. "ಅಯ್ಯೋ, ಬಾಲ್ಕನೀಲಾ? ಈ ಬಿಸಿಲಲ್ಲಿ ಹಪ್ಪಳ ಒಣಗಿಸ್ತಾರೆ ಕಣ್ರೀ, ಇದನ್ನಲ್ಲ," ಎಂದರು. ಆಮೇಲೆ ಕಂಪ್ಯೂಟರ್ ಪರದೆಯತ್ತ ನೋಡಿ, "ಬಾಟ್ಲಿ ಎಲ್ಲಿಟ್ಟಿದ್ರಿ ಅಂತ ಇದೂ ಕೇಳಲ್ಲ, ನಾವೂ ಕೇಳ್ಲಿಲ್ಲ," ಎಂದರು.

ಡಾಕ್ಟರು ಮಲಪರೀಕ್ಷೆಯ ಫಲಿತಾಂಶವನ್ನು ಲೆಕ್ಕದಿಂದ ತೆಗೆಸಿ ಪ್ರೋಗ್ರಾಂ ಅನ್ನು ಮತ್ತೆ ನಡೆಸಿದರು. ಒಂದಾದ ಮೇಲೊಂದು ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಇಳಿದಿತ್ತು, ತೂಕವೂ ಇಳಿದಿತ್ತು. ಕಡಿಮೆ ಎಂದಿದ್ದ ಜಾಗದಲ್ಲಿ ಈಗ ಹೆಚ್ಚು ಎಂದು ಬಂತು. ಹೊಸ ಸ್ಯಾಂಪಲ್‌ಗೆ ಕಾಯುವುದು ಬೇಡ ಎಂದರು ಡಾಕ್ಟರು. ಹೆಚ್ಚು ಅಂದರೆ ಕ್ಯಾನ್ಸರ್ ಇದೆ ಎಂದಲ್ಲ, ಮೊದಲು ನೋಡಬೇಕು ಎಂದಷ್ಟೇ ಎಂದು ಶ್ರೀವಿದ್ಯಾ ಎರಡು ಸಲ ಹೇಳಿದರು. ಗುರುರಾಜ ಎರಡು ಸಲವೂ ತಲೆಯಾಡಿಸಿದರು.

ಕೊಲೊನೋಸ್ಕೋಪಿ ಶುಕ್ರವಾರ ಬೆಳಿಗ್ಗೆ. ಕರುಳು ಖಾಲಿ ಇರಬೇಕೆಂದು ಗುರುವಾರ ಇಡೀ ದಿನ ಮಂದಾಕಿನಿಗೆ ಗಂಜಿ ತಿಳಿ, ಎಳನೀರು ಮಾತ್ರ.