ಬಾಗಿಲಂಚಿನ ರಬ್ಬರು

ನಾನು ಕಾರಿಗೆ ಕೊಬ್ಬರಿ ಎಣ್ಣೆ ಹಚ್ಚಿದ ಮನುಷ್ಯ. ಎಂಜಿನ್ನಿಗಲ್ಲ, ಬಾಗಿಲ ಸುತ್ತ ಇರುವ ರಬ್ಬರು ಪಟ್ಟಿಗೆ. ನಗಬೇಡಿ. ಒಣಗಿ ಬಿರುಕು ಬಿಟ್ಟದ್ದಕ್ಕೆ ಎಣ್ಣೆ ಹಚ್ಚಬೇಕು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮದ್ದು, ತಲೆಯಾಗಲಿ, ಹಿಮ್ಮಡಿಯಾಗಲಿ.

ಕಾರು ನನ್ನ ಹೆಂಡತಿ ಸರಳಾಳದು. ಓಡಿಸುತ್ತಿದ್ದವಳೂ ಅವಳೇ. ನಾನು ಕಲಿಯಲೇ ಇಲ್ಲ. ತ್ಯಾಗರಾಜನಗರದಿಂದ ಗಾಂಧಿ ಬಜಾರಿಗೆ ಹೋಗುವಾಗ ಎಡಗಡೆಯ ಸೀಟಿನಲ್ಲಿ ತರಕಾರಿ ಚೀಲ ಹಿಡಿದು ಕೂರುವುದಷ್ಟೇ ನನ್ನ ಕೆಲಸ. ಆ ಕೆಲಸದಲ್ಲೂ ಒಂದು ತಪ್ಪು ಮಾಡುತ್ತಿದ್ದೆ. "ಬಾಗಿಲು ಮೆಲ್ಲಗೆ ಹಾಕ್ರೀ! ಅದೇನು ಕಲಾಸಿಪಾಳ್ಯದ ಬಸ್ಸಾ?" ಬೈಸಿಕೊಂಡು ಬೈಸಿಕೊಂಡು ನನ್ನ ಕೈ ತಾನಾಗಿ ಮೆಲ್ಲಗಾಯಿತು.

ಅವಳು ತೀರಿಹೋದ ಮೇಲೆ, ಅವಳು ನಿಲ್ಲಿಸಿದ ಜಾಗದಿಂದ ಕಾರನ್ನು ಕದಲಿಸಲಿಲ್ಲ. ಇದೊಂದಾದರೂ ಇದ್ದ ಹಾಗೆಯೇ ಇರಲಿ ಎಂಬ ಆಸೆ. ಆಯುಧಪೂಜೆಗೆ ತೊಳೆದು, ಕುಂಕುಮವಿಟ್ಟು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟೆ. ಇಟ್ಟ ಮೇಲೆ ಹೊಳೆಯಿತು: ಅವುಗಳ ಮೇಲೆ ಕಾರು ಹತ್ತಿಸುವವರು ಯಾರು? ಹಣ್ಣುಗಳು ಅಲ್ಲೇ ಒಣಗಿ ಅಡಿಕೆಯಷ್ಟಾದವು.

ಇಷ್ಟು ಜೋಪಾನ ಮಾಡಿದರೂ ರಬ್ಬರು ಕೆಟ್ಟಿತು. ವೈಪರ್ ಗಾಜಿಗೆ ಅಂಟಿಕೊಂಡಿತು. ಟಯರಿನ ಪಕ್ಕೆಗಳಲ್ಲಿ ಕೂದಲೆಳೆಯಂಥ ಸೀಳು. ಏಕೆ ಎಂದು ಹುಡುಕಿ ಓದಿದೆ, ಸಮಯಕ್ಕೇನೂ ಕೊರತೆಯಿಲ್ಲ. ರಬ್ಬರನ್ನು ಕೆಡಿಸುವುದು ಬರೀ ಬಿಸಿಲಲ್ಲವಂತೆ, ಗಾಳಿಯೂ ಹೌದಂತೆ. ಒಳಗೆ ಕೈ ಕೈ ಹಿಡಿದು ನಿಂತ ಎಳೆಗಳನ್ನು ಗಾಳಿ ದಿನವೂ ಒಂದಿಷ್ಟು ಬಿಡಿಸುತ್ತದೆ, ಇಲ್ಲವೇ ಗಂಟು ಹಾಕಿ ಬಿರುಸಾಗಿಸುತ್ತದೆ. ಅದನ್ನು ತಡೆಯಲೆಂದೇ ಟಯರಿಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಆದರೆ ಟಯರು ಉರುಳಿ ಬಾಗುತ್ತಿದ್ದರೆ ಮಾತ್ರ ಆ ಮೇಣ ಚೆನ್ನಾಗಿ ಮೇಲೆ ಬರುತ್ತದಂತೆ. ನಿಂತ ಕಾರಿಗೆ ಆ ರಕ್ಷಣೆಯೂ ಇಲ್ಲ. ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನಾನೂ ಅವಳು ಹೋದಂದಿನಿಂದ ಅದೇ ಕುರ್ಚಿಯಲ್ಲಿ ಕೂತಿದ್ದೆ.

ಎಣ್ಣೆಯ ಫಲ ಮಳೆಗಾಲದಲ್ಲಿ ಕಂಡಿತು. ಬಾಗಿಲಿನ ಪಟ್ಟಿ ಊದಿ, ಮೆತ್ತಗಾಗಿ, ಜಾಗ ಬಿಟ್ಟು ಜೋತುಬಿತ್ತು. ನೀರು ಒಳಗೆ ಇಳಿದು ಸರಳಾ ಕೂರುತ್ತಿದ್ದ ಸೀಟು ತೊಯ್ದುಹೋಯಿತು. ಮಾವಳ್ಳಿಯ ಮೆಕ್ಯಾನಿಕ್ ನಾಗರಾಜುವನ್ನು ಕರೆಸಲೇಬೇಕಾಯಿತು.

ಅವನು ಪಟ್ಟಿ ಮುಟ್ಟಿ, ಬೆರಳು ಮೂಸಿ ನೋಡಿದ. "ಏನ್ ಸಾರ್ ಇದು, ಎಣ್ಣೆಸ್ನಾನ ಮಾಡಿಸಿದೀರಾ?"

"ಒಣಗಿತ್ತಪ್ಪ."

"ಸೀಗೆಪುಡಿನೂ ಹಾಕ್ಬಿಡಬೇಕಿತ್ತು!" ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅಮ್ಮನ ಗಾಡಿ ಅಲ್ವಾ ಸಾರ್... ಹೋಗ್ಲಿ ಬಿಡಿ. ಎಲ್ಲಾ ಹೊಸದು ಹಾಕ್ತೀನಿ."

ಹಳೆಯ ಪಟ್ಟಿಯನ್ನು ಅವನು ಎಳೆದಾಗ ಅದು ತುಂಡು ತುಂಡಾಗಿ ಬಂತು. ಎತ್ತಿಡೋಣವೆಂದು ಒಂದು ತುಂಡು ಹಿಡಿದೆ. ಅಂಗೈ ಕಪ್ಪಾಯಿತು, ಅಷ್ಟೇ.

ಸಂಜೆ ಎಂಜಿನ್ನು ಶುರುವಾಯಿತು. "ಹತ್ತಿ ಸಾರ್, ಲಾಲ್‌ಬಾಗ್ ತನಕ ಒಂದು ರೌಂಡು," ಎಂದ. ಕಾಲು ಎಡಗಡೆಯ ಬಾಗಿಲಿಗೇ ಹೋಯಿತು. ಕೂತು ಮೆಲ್ಲಗೆ ಬಾಗಿಲು ಎಳೆದುಕೊಂಡೆ. ಹಾಕಿಕೊಳ್ಳಲಿಲ್ಲ. ಮತ್ತೆ ಎಳೆದೆ. ಆಗಲಿಲ್ಲ.

"ಹೊಸ ರಬ್ಬರು ಸಾರ್, ಗಟ್ಟಿ ಇರುತ್ತೆ. ಜೋರಾಗಿ ಹಾಕಿ!"

ಜೋರಾಗಿ ಹಾಕಿದೆ. ಇಡೀ ರಸ್ತೆಗೆ ಕೇಳುವಂಥ ಸದ್ದಾಯಿತು. ನಾನು ಬಲಕ್ಕೆ ತಿರುಗಿ ಒಂದು ಗಳಿಗೆ ಕಾದೆ. ನಾಗರಾಜು ಗೇರು ಹಾಕಿದ.