ಮಾತಾಡದವಳ ಪಾಲಿನ ವೈಫೈ

ಮಧುವನಹಳ್ಳಿಯ ಪುಟ್ಟಸಿದ್ದಯ್ಯ ಬಹುಕಾಲ ನೀರುಗಂಟಿಯಾಗಿದ್ದವನು. ಕಾಲುವೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವನ ಕೆಲಸ. ಆಗ ಎಂಥ ದೊಡ್ಡ ಕುಳವೂ ಅವನನ್ನು ಕಂಡರೆ ಬೀಡಿ ಕೊಟ್ಟು ನಗುತ್ತಿತ್ತು. ನಿವೃತ್ತನಾದ ಮೇಲೆ ಬೀಡಿಯೂ ನಿಂತಿತು, ನಗುವೂ ನಿಂತಿತು. ಹೇಳಿದ ಮಾತು ಕೇಳುವುದಕ್ಕೆ ಮನೆಯಲ್ಲಿ ಒಂದು ಹಸುವಾದರೂ ಇರಬೇಕಿತ್ತು, ಅದನ್ನೂ ಮಾರಿಯಾಗಿತ್ತು.

ಹಾಗಿರುವಾಗ ಮನೆಗೆ ವೈಫೈ ಬಂತು. ಡಬ್ಬ ಹಾಕಲು ಬಂದವನು, ಯಾರ ಫೋನಿಗೆ ಎಷ್ಟು ವೇಗ ಬಿಡಬೇಕೆಂದು ಆ್ಯಪ್‌ನಲ್ಲೇ ಗೊತ್ತುಮಾಡಬಹುದು ಎಂದು ಬಾಯಿತಪ್ಪಿ ಹೇಳಿಬಿಟ್ಟ. ಒಂದೊಂದು ಫೋನಿಗೂ ಒಂದೊಂದು ಗೆರೆ. ಬೆರಳಲ್ಲಿ ಮೇಲಕ್ಕೆ ಎಳೆದರೆ ಹೆಚ್ಚು, ಕೆಳಕ್ಕೆ ಎಳೆದರೆ ಕಮ್ಮಿ. ಪುಟ್ಟಸಿದ್ದಯ್ಯನಿಗೆ ಕಳೆದುಹೋದ ಅಧಿಕಾರ ಅಂಗೈಯಲ್ಲಿ ಬಂದು ಕೂತಂತಾಯಿತು.

ದೊಡ್ಡ ಪಾಲು ಟೀವಿಗೆ. ಲೋಕದ ಯುದ್ಧಗಳನ್ನೆಲ್ಲ ಅದರ ಮುಂದೆ ಕೂತು ಅವನೇ ಉಸ್ತುವಾರಿ ಮಾಡಬೇಕಲ್ಲ! ಆಮೇಲೆ ಮಗ ಮಾದುವಿಗೆ, ಆಮೇಲೆ ಹೆಂಡತಿ ಗುರುಸಿದ್ದಮ್ಮನಿಗೆ. ಮಗಳು ಧನುಶ್ರೀಯ ಗೆರೆಯನ್ನು ಬುಡಕ್ಕೇ ತಂದು ನಿಲ್ಲಿಸಿದ. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು.

"ಅಪ್ಪೋ, ಅವ್ಳಿಗ್ಯಾಕೆ ಇಷ್ಟೇ ಇಷ್ಟು?" ಎಂದ ಮಾದು.

"ಭತ್ತಕ್ ಬುಡೋ ನೀರ ರಾಗಿಗೂ ಬುಟ್ಟಾರಾ? ಮಾತೇ ಆಡ್ದೋಳ್ಗೆ ಎಷ್ಟ್ ಬೇಕ್ಲಾ?"

"ನೀನು ರಿಟೈರ್ ಆಗಿರದು ಕಾಲ್ವೆಗೆ ಗೊತ್ತು, ನಿಂಗೇ ಗೊತ್ತಿಲ್ಲ ಕಣಪ್ಪೋ!"

ಧನುಶ್ರೀಗೆ ಕುಂತೂರಿನ ಮಣಿಕಂಠನ ಸಂಬಂಧ ಬಂದಿತ್ತು. ಅವನಿಗೂ ಕಿವಿ ಕೇಳದು. ಮಕ್ಕಳೇ ಮಾತಾಡಿಕೊಂಡು ಒಪ್ಪಲಿ ಎಂದು ಎರಡೂ ಮನೆಯವರು ಬಿಟ್ಟಿದ್ದರು. ಅವರ ಮಾತೆಂದರೆ ಕಿವುಡರ ಶಾಲೆಯಲ್ಲಿ ಕಲಿತ ಕೈಸನ್ನೆ, ಅದೂ ವಿಡಿಯೊ ಕಾಲಿನಲ್ಲಿ.

ಪಾಲು ಹಂಚಿ ಎರಡು ದಿನ ಕಳೆದಿರಲಿಲ್ಲ, ಸಂಜೆ ಹುಡುಗನ ತಾಯಿ ಕೆಂಪಾಜಮ್ಮ ಗುರುಸಿದ್ದಮ್ಮನಿಗೆ ಫೋನು ಮಾಡಿದಳು. "ನಮ್ ಹೈದ ಏನ್ ಕೇಳುದ್ರೂ ನಿಮ್ ಹೆಣ್ಣು ಗೊಂಬೆಯಂಗೆ ಕುಂತದಂತಲ್ಲವ್ವಾ! ಕಣ್ಣೂ ಮಿಟುಕ್ಸಲ್ವಂತೆ. ಇಷ್ಟ ಇಲ್ದಿದ್ರೆ ಹೇಳ್ಬುಡಿ, ನಾವು ಬ್ಯಾರೆ ಕಡೆ ನೋಡ್ಕತೀವಿ."

ಗಂಡ ಹೆಂಡತಿ ಕೋಣೆಯ ಬಾಗಿಲಿಗೆ ಬಂದರು. ಧನುಶ್ರೀ ಫೋನಿನ ಮುಂದೆ ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ಕಣ್ಣು ತುಂಬಿತ್ತು. ಪರದೆಯ ಮೇಲೆ ಮಣಿಕಂಠ ಕೈಯನ್ನು ಗಾಳಿಯಲ್ಲಿಟ್ಟುಕೊಂಡು ಕಲ್ಲಾಗಿದ್ದ. ಆ ಕಡೆ ಇವಳೂ ಹೀಗೆಯೇ ಕಲ್ಲಾಗಿ ಕಾಣುತ್ತಿರಬೇಕು ಎಂದು ಪುಟ್ಟಸಿದ್ದಯ್ಯನಿಗೆ ಆಗ ಹೊಳೆಯಿತು.

"ಬರ್ದ್ ಕಳ್ಸಕ್ ಹೇಳು," ಎಂದ, ತಪ್ಪು ಒಪ್ಪದೆ.

"ಮದ್ವೆ ಮಾತಾಡೋವಾಗ ಮಖ ನೋಡ್ಬ್ಯಾಡ್ವಾ? ನೀವು ನನ್ನ ಕೇಳಕ್ ಬಂದಾಗ ನಾನ್ ಚೀಟಿ ಬರ್ದ್ ಕಳ್ಸಿದ್ರೆ, ಓದಕಾದ್ರೂ ಬತ್ತಿತ್ತಾ ನಿಮ್ಗೆ?"

ಅವನು ಫೋನು ತೆಗೆದ. ಟೀವಿಯ ಗೆರೆಯನ್ನು ಕೆಳಗಿಳಿಸಿದ, ಮಗಳದನ್ನು ತುದಿಗೇರಿಸಿದ. ನಡುಮನೆಯಲ್ಲಿ ಯುದ್ಧವೊಂದು ಅರ್ಧಕ್ಕೇ ನಿಂತಿತು. ಇತ್ತ ಮಣಿಕಂಠನ ಕೈ ಕೆಳಗಿಳಿಯಿತು.

ಆಮೇಲೆ ಧನುಶ್ರೀ ಮಾತಾಡತೊಡಗಿದಳು. ಬೆರಳು, ಮೊಣಕೈ, ಹುಬ್ಬು, ಭುಜ ಎಲ್ಲವೂ ಮಾತಾಡಿದವು. ಗದರಿದಳು, ಅಣಕಿಸಿದಳು, ಹಣೆ ಚಚ್ಚಿಕೊಂಡಳು, ನಕ್ಕಳು. ಮನೆಯವರಿಗೆ ಗೊತ್ತಿದ್ದದ್ದು ಉಣ್ಣು, ಬಾ, ಮಲಗು ಎನ್ನುವಂಥ ನಾಲ್ಕು ಸನ್ನೆ. ಅವಳೂ ಅವರೊಡನೆ ಅಷ್ಟೇ ಆಡಿದ್ದಳು. ಅದನ್ನೇ ಅವನು ಮಗಳ ಸ್ವಭಾವ ಎಂದುಕೊಂಡಿದ್ದ. ಇಷ್ಟು ವರ್ಷ ಒಂದು ವಾಚಾಳಿಯನ್ನು ಮನೆಯಲ್ಲಿಟ್ಟುಕೊಂಡು, ಪಾಪ, ಮೂಗಿ ಎಂದು ಮರುಗಿದ್ದ.

"ಏನಂತಾಳೆ?" ಎಂದು ಹೆಂಡತಿಯನ್ನು ಪಿಸುಗುಟ್ಟಿ ಕೇಳಿದ.

"ಅಷ್ಟ್ ಬಿರ್ನೆ ಆಡುದ್ರೆ ನಂಗೂ ತಿಳಿಯಾಕಿಲ್ಲ ಕಣ್ರಿ."

ಧನುಶ್ರೀ ಇತ್ತ ತಿರುಗಿದಳು. ಇಬ್ಬರನ್ನೂ ನೋಡಿ ಅಂಗೈಯನ್ನು ಬಾಗಿಲ ಕಡೆ ಬೀಸಿದಳು. ಈ ಸನ್ನೆಗೆ ಅರ್ಥ ಹೇಳುವವರು ಬೇಕಿರಲಿಲ್ಲ. ಇಬ್ಬರೂ ಆಚೆ ಬಂದರು. ಪುಟ್ಟಸಿದ್ದಯ್ಯನೇ ಬಾಗಿಲು ಎಳೆದುಕೊಂಡ.

ಕೆಂಪಾಜಮ್ಮನ ಫೋನು ಮತ್ತೆ ಬಂತು. ಈ ಸಲ ಅವನೇ ಎತ್ತಿದ.

"ಏನಣ್ಣ, ಒಪ್ಪುದ್ಲಾ?"

"ಗೊತ್ತಿಲ್ಲ ಕಣವ್ವ. ನಮ್ಮನ್ನ ಆಚ್ಗೆ ಕಳ್ಸವ್ಳೆ."

"ನಮ್ಮೋನೂ ಅಂಗೇ ಕಣಣ್ಣ," ಎಂದು ಆಕೆ ನಕ್ಕಳು, "ಒಳ್ಗಿಂದ ಚಿಲ್ಕ ಹಾಕಂಡವ್ನೆ."