ಮನೂಬಿಯಾರ ದವಡೆ, ಶಾದ್ಲಿಯ ಅರ

ಸ್ಫಾಕ್ಸ್ ಊರಿನ ಕಡಲ ದಡಕ್ಕೆ ಬಂದು ಬಿದ್ದ ತಿಮಿಂಗಿಲವೊಂದರ ದವಡೆ ತೆರೆದಂತೆಯೇ ಸಿಕ್ಕಿಕೊಂಡಿತ್ತಂತೆ. ಶಾದ್ಲಿ ಒಂದೇ ಒಂದು ಸಲ ಅರ ಆಡಿಸಿದ್ದೇ ತಡ, ಅದು ಬಾಯಿ ಮುಚ್ಚಿ, ಸಲಾಂ ಹೇಳಿ ಈಜಿ ಹೋಯಿತಂತೆ. ಬೆಳಗಿನ ಬಾಂಗ್ ಮುಗಿಯುವ ಹೊತ್ತಿಗೆ ಹಳೇ ಪೇಟೆಯ ಅಂಗಡಿಯಲ್ಲಿ ಮೇಣ ಕರಗಿಸುತ್ತಾ ಅವರೇ ಇದನ್ನು ಹೇಳುತ್ತಾರೆ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಎಪ್ಪತ್ತೊಂದರ ಈ ಹಲ್ಲು ಕಟ್ಟುವವರು ದಿನಕ್ಕೆ ಎರಡು ಸೆಟ್ಟು ಮುಗಿಸುತ್ತಾರೆ. ಅವರ ಬಾಯಿಮಾತಿನಲ್ಲಿ ಅದು ಇಪ್ಪತ್ತಾಗುತ್ತದೆ. ಒಂದು ಕಾಲಕ್ಕೆ ಬೀದಿಯುದ್ದಕ್ಕೂ ಲವಂಗದೆಣ್ಣೆಯ ವಾಸನೆ, ಆರು ಅಂಗಡಿ. ಈಗ ಉಳಿದಿರುವುದು ಇದೊಂದೇ. ಗುರು ತಾಹಿರರು ಹಲ್ಲು ಅರೆಯುತ್ತಿದ್ದ ಕಾಲ್ತುಳಿ ಯಂತ್ರ ಇನ್ನೂ ಮೂಲೆಯಲ್ಲಿದೆ. ಅದರ ಮೇಲೆ ಕೈಯಿಟ್ಟಾಗ ಮಾತ್ರ ಶಾದ್ಲಿಯ ದನಿ ತಗ್ಗುತ್ತದೆ. ಗುರುಗಳ ಕಾಲದಲ್ಲಿ ಕಿವಿಯ ಮುಂದೆ ದವಡೆ ಕಟಕ್ಕೆಂದರೆ ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂತಿಲ್ಲವೆಂದೇ ತೀರ್ಮಾನ, ಅರೆಯುವುದೇ ಮದ್ದು. ಗುರುಗಳು ಸ್ವಂತ ತಂಗಿಯ ಹಲ್ಲನ್ನೂ ಅರೆದರು. ನೋವು ಉಳಿಯಿತು, ಹಲ್ಲು ಹೋಯಿತು.

"ಆಕೆ ಕೊನೇವರೆಗೂ ರೊಟ್ಟೀನ ಸಾರಲ್ಲಿ ನೆನೆಸ್ಕೊಂಡೇ ತಿಂದ್ರು. ಗುರುಗಳು ಅವ್ರೆದುರು ಊಟಕ್ಕೇ ಕೂರ್ತಿರ್ಲಿಲ್ಲ," ಎನ್ನುತ್ತಾರೆ ಶಾದ್ಲಿ.

ಹೋದ ಬೇಸಿಗೆಯಲ್ಲಿ ಮನೂಬಿಯಾ ಬಂದರು. ಪೇಟೆಯ ಮದುವೆಗಳಲ್ಲಿ ನಾಲಗೆ ಕುಣಿಸಿ ಮೊದಲ ಕೇಕೆ ಹಾಕುವವರು ಅವರೇ. ಹದಿನೈದು ದಿನದಲ್ಲಿ ಮೊಮ್ಮಗಳ ಮದುವೆ. ದವಡೆ ಕಟಕ್ಕೆನ್ನುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿಲ್ಲ. ಶಾದ್ಲಿ ಕಟ್ಟಿಕೊಟ್ಟ ಸೆಟ್ಟೇ ಎತ್ತರವೆಂದು ಜಗಳ ತೆಗೆದರು. ನೀಲಿ ಕಾಗದ ಕಚ್ಚಿಸಿ ನೋಡಿದರೆ ಗುರುತು ಎರಡೂ ಕಡೆ ಸಮ, ಸೆಟ್ಟಿನಲ್ಲಿ ದೋಷವಿಲ್ಲ. ಆಕೆ ನಂಬಬೇಕಲ್ಲ! ಶಾದ್ಲಿ ಸೆಟ್ಟು ಬಿಚ್ಚಿಸಿಕೊಂಡು ಪರದೆಯ ಹಿಂದೆ ಹೋಗಿ, ಬೀದಿಗೆಲ್ಲ ಕೇಳುವಂತೆ ಅರ ಉಜ್ಜಿದರು. ತಂದು ಕೊಡುತ್ತಾ ತಾಕೀತು ಮಾಡಿದರು: ಮದುವೆಯವರೆಗೆ ಕಲ್ಲಂಗಡಿ ಬೀಜ ಒಡೆಯುವಂತಿಲ್ಲ, ಬೀಗರ ಮೇಲಿನ ಸಿಟ್ಟಿಗೆ ಹಲ್ಲು ಕಡಿಯುವಂತಿಲ್ಲ, ಮೆತ್ತಗಿನ ಊಟ, ದಿನಾ ಬಿಸಿಬಟ್ಟೆಯ ಶಾಖ.

ಮದುವೆಯ ದಿನ ಆಕೆಯ ಕೇಕೆ ಮಾಲ್ಟಾದವರೆಗೆ ಕೇಳಿತಂತೆ. "ಕೂದಲೆಳೆಯಷ್ಟು ಅರೆದೆ, ಅಷ್ಟೇ," ಎಂದು ಶಾದ್ಲಿ ಮೀಸೆ ತೀಡುತ್ತಾರೆ.

ಖರ್ಜೂರದ ಸಿಹಿ ತಂದ ಮನೂಬಿಯಾ ಆಗಲೇ ಬಾಗಿಲಲ್ಲಿದ್ದಾರೆ. ಆಕೆಯ ಕಣ್ಣು ಕಪಾಟಿನಲ್ಲಿರುವ ತನ್ನ ದವಡೆಯ ಪ್ಲಾಸ್ಟರ್ ಅಚ್ಚಿನ ಮೇಲೆ ಬೀಳುತ್ತದೆ.

"ನನ್ನ ಹೆಸ್ರು ಬರ್ದಿರೋ ಅಚ್ಚಿಗೆ ಇದೇನೋ ಇಷ್ಟು ದೊಡ್ಡ ಹಳ್ಳ? ಕೂದಲೆಳೆ ಅಂದ್ಯಲ್ಲೋ ಮುದ್ಕಪ್ಪ. ತಿಮಿಂಗಿಲಾನೂ ಹೀಗೇನಾ?"

"ಅದು ಬರೀ ಬಂಗ್ಡೆ ಮೀನು, ಅಕ್ಕ. ಹುರ್ಕೊಂಡು ತಿಂದೆ."

ಮನೂಬಿಯಾ ಬಾಯ್ತುಂಬ ನಗುತ್ತಾರೆ. ದವಡೆ ಸದ್ದು ಮಾಡುವುದಿಲ್ಲ. ಶಾದ್ಲಿ ಅರವನ್ನು ಬಟ್ಟೆಯಲ್ಲಿ ಒರೆಸುತ್ತಾರೆ.

"ಉಜ್ಜಿದ್ದೆಲ್ಲ ಆ ಅಚ್ಚನ್ನೇ. ನಿಮ್ಮ ಸೆಟ್ಟನ್ನ ಬರೀ ತೊಳ್ದು ಕೊಟ್ಟೆ. ವಾಸಿ ಮಾಡಿದ್ದು ಆ ಮೆತ್ತಗಿನ ಊಟ, ಶಾಖ. ಒಂದು ಸಲ ಅರ ಸೆಟ್ಟಿನ ಹತ್ರ ಹೋಗಿತ್ತು. ಗುರುಗಳ ತಂಗಿ ನೆನಪಾದ್ರು, ಕೈಯೇ ಬರ್ಲಿಲ್ಲ."